ಕರೆಂಟ್ ಕಾರಿನ ಕೊಟೇಶನ್: ಎಲ್ಲಿ ಚೌಕಾಸಿ, ಎಲ್ಲಿ ಸುಮ್ಮನಿರಬೇಕು

ಜಾಹೀರಾತಿನಲ್ಲಿ 14 ಲಕ್ಷ ಎಂದಿತ್ತು. ಶೋರೂಮಿನ ಮೇಜಿಗೆ ಬಂದ ಹಾಳೆಯ ಕೊನೆಯ ಸಾಲಿನಲ್ಲಿ 16,38,100 ರೂಪಾಯಿ. ನಡುವಿನ ಎರಡು ಲಕ್ಷ ಮೂವತ್ತೆಂಟು ಸಾವಿರ ಯಾರ ಜೇಬಿಗೆ ಹೋಗುತ್ತದೆ, ಅದರಲ್ಲಿ ಎಷ್ಟು ಕೊಡಲೇಬೇಕು, ಎಷ್ಟನ್ನು ಹೊಡೆದು ಹಾಕಬಹುದು? ಹೊಸ ಎಲೆಕ್ಟ್ರಿಕ್ ಮಾಡೆಲ್ ಬಿಡುಗಡೆಯಾದ ತಿಂಗಳಲ್ಲಿ ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಮಂಜೇಶ್ವರ, ಉಪ್ಪಳ, ಬದಿಯಡ್ಕದ ಕಡೆಯವರಿಗೆ ಈ ಪ್ರಶ್ನೆಗೆ ಇನ್ನೊಂದು ಗೋಜಲು ಸೇರಿಕೊಳ್ಳುತ್ತದೆ. ತಲಪಾಡಿ ದಾಟಿದರೆ ಕರ್ನಾಟಕ, ಬೇರೆ ರಾಜ್ಯ, ಬೇರೆ ತೆರಿಗೆ. ಹಾಗಿದ್ದರೆ ಕಾರನ್ನು ಕೊಳ್ಳಬೇಕಾದ್ದು ಎಲ್ಲಿ?

ಈ ಲೇಖನದಲ್ಲಿ 14 ಲಕ್ಷದ ಕಾರು ಲೆಕ್ಕ ತೋರಿಸಲು ಇಟ್ಟುಕೊಂಡ ಉದಾಹರಣೆ. ತೆರಿಗೆಯ ದರಗಳು ಮಾತ್ರ ನಿಜವಾದವು.

ಪ್ಲಗ್ ಹಾಕುವ ಕಾರು ಎಂದರೆ ಯಾವುದು

ಗೋಡೆಯ ಸಾಕೆಟ್‌ನಿಂದ ಚಾರ್ಜ್ ಆಗುವ ಕಾರುಗಳಲ್ಲಿ ಎರಡು ಜಾತಿ. ಬರೀ ಬ್ಯಾಟರಿ, ಮೋಟಾರಿನಿಂದ ಓಡುವುದು ಒಂದು. ಇದನ್ನೇ ನಾವು ಇ.ವಿ. ಎನ್ನುವುದು. ಬ್ಯಾಟರಿಯ ಜೊತೆ ಪೆಟ್ರೋಲ್ ಎಂಜಿನ್ ಕೂಡ ಇರುವುದು ಇನ್ನೊಂದು, ಪ್ಲಗ್-ಇನ್ ಹೈಬ್ರಿಡ್. ಪ್ಲಗ್ಗೇ ಇಲ್ಲದ ಸಾಮಾನ್ಯ ಹೈಬ್ರಿಡ್ ಇವೆರಡಕ್ಕೂ ಸೇರುವುದಿಲ್ಲ.

ಬೆಲೆಯ ಮಟ್ಟಿಗೆ ಈ ವ್ಯತ್ಯಾಸ ದೊಡ್ಡದು. ಇ.ವಿ.ಗೆ ಜಿಎಸ್‌ಟಿ ಶೇ 5. 2019ರ ಆಗಸ್ಟ್ 1ರಂದು ಶೇ 12ರಿಂದ ಇಳಿದದ್ದು ಈಗಲೂ ಹಾಗೆಯೇ ಇದೆ. ದೊಡ್ಡ ಹೈಬ್ರಿಡ್ ಕಾರಿಗೆ, ಪ್ಲಗ್ ಇರಲಿ ಬಿಡಲಿ, 2025ರ ಸೆಪ್ಟೆಂಬರ್ 22ರಿಂದ ಶೇ 40. ನಮ್ಮ ಮಾರುಕಟ್ಟೆಯಲ್ಲಿ ಸಾಮಾನ್ಯರ ಕೈಗೆಟಕುವ ಪ್ಲಗ್ ಕಾರೆಂದರೆ ಬಹುಮಟ್ಟಿಗೆ ಇ.ವಿ.ಯೇ, ಹಾಗಾಗಿ ಮುಂದಿನ ಮಾತೆಲ್ಲ ಅದರದ್ದು.

ಶೋರೂಮಿನಲ್ಲಿ ಇನ್ನೂ ಕೇಳಿಬರುವ ಎರಡು ಹಳೇ ಮಾತುಗಳನ್ನು ಇಲ್ಲೇ ಬದಿಗಿಡಬಹುದು. ‘ಕೇಂದ್ರದ ಸಬ್ಸಿಡಿ ಕಳೆದ ಬೆಲೆ’ ಎಂದರೆ ನಂಬಬೇಡಿ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಖಾಸಗಿ ಕಾರಿಗೆ ಜಾಗವಿಲ್ಲ. ‘ಸಾಲದ ಬಡ್ಡಿಗೆ ಒಂದೂವರೆ ಲಕ್ಷದವರೆಗೆ ಆದಾಯ ತೆರಿಗೆ ವಿನಾಯಿತಿ’ ಎಂಬುದು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ ಇತ್ತು.

ಚಿನ್ನದಂಗಡಿಯ ಲೆಕ್ಕ

ಚಿನ್ನದಂಗಡಿಗೆ ಹೋದವರು ಗ್ರಾಮಿನ ದರದ ಮೇಲೆ ಚೌಕಾಸಿ ಮಾಡುವುದಿಲ್ಲ. ಅದು ಬೋರ್ಡಿನಲ್ಲಿ ಬರೆದ ದರ. ಜಗ್ಗಾಟ ನಡೆಯುವುದು ಮಜೂರಿಯಲ್ಲಿ, ವೇಸ್ಟೇಜಿನಲ್ಲಿ. ಈಗಷ್ಟೇ ಬಿಡುಗಡೆಯಾದ ಕಾರಿನದ್ದೂ ಇದೇ ಕ್ರಮ. ಎಕ್ಸ್ ಶೋರೂಮ್ ಬೆಲೆ, ಅಂದರೆ ರಸ್ತೆ ತೆರಿಗೆ, ವಿಮೆ ಸೇರುವ ಮೊದಲಿನ ಬೆಲೆ, ಬೋರ್ಡಿನ ದರವಿದ್ದಂತೆ, ಮೊದಲ ಕೆಲವು ತಿಂಗಳು ಅದು ಅಲುಗುವುದಿಲ್ಲ. ಅಲ್ಲೇ ಹಟ ಹಿಡಿದು ಐದು ಸಾವಿರ ಇಳಿಸಿಕೊಂಡವರು ಖುಷಿಯಲ್ಲಿ ಕೆಳಗಿನ ಸಾಲುಗಳನ್ನು ಓದದೆ ಸಹಿ ಹಾಕುತ್ತಾರೆ. ತೊಂಬತ್ತು ಸಾವಿರ ಹೋಗುವುದು ಆ ಸಾಲುಗಳಲ್ಲಿ.

ಡೀಲರನಿಗೆ ಕಾರೊಂದರಲ್ಲಿ ಕಂಪನಿ ಬಿಟ್ಟುಕೊಡುವ ಲಾಭಾಂಶ ದೊಡ್ಡದಲ್ಲ, ಸಾಮಾನ್ಯವಾಗಿ ಒಂದಂಕಿಯ ಶೇಕಡಾ. ಸಂಬಳ, ಬಾಡಿಗೆ, ಸ್ಟಾಕಿನ ಬಡ್ಡಿ ಎಲ್ಲ ಅದರಿಂದಲೇ ಹೋಗಬೇಕು. ಆದ್ದರಿಂದ ಅವನ ನಿಜವಾದ ಗಳಿಕೆ ವಿಮೆ, ಸಾಲ, ಆಕ್ಸೆಸರಿ, ಹಳೆ ಕಾರಿನ ಎಕ್ಸ್‌ಚೇಂಜ್ ಇವುಗಳಲ್ಲಿ. ಇದರಲ್ಲಿ ಮೋಸವೇನಿಲ್ಲ, ಅವನ ವ್ಯಾಪಾರ ನಿಂತಿರುವುದೇ ಹೀಗೆ. ಆದರೆ ನಮ್ಮ ಪೆನ್ನು ಯಾವ ಸಾಲಿನ ಮೇಲೆ ನಿಲ್ಲಬೇಕು ಎಂಬುದು ಇದರಿಂದ ಗೊತ್ತಾಗುತ್ತದೆ.

ಹಾಳೆಯನ್ನು ಸಾಲು ಸಾಲಾಗಿ ಓದಿದರೆ

ಮೊದಲು ಸರ್ಕಾರಕ್ಕೆ ಹೋಗುವ ಹಣ, ಇದರಲ್ಲಿ ಚೌಕಾಸಿ ಇಲ್ಲ.

14,00,000 ರೂಪಾಯಿಯ ಎಕ್ಸ್ ಶೋರೂಮ್ ಬೆಲೆಯೊಳಗೇ ಶೇ 5 ಜಿಎಸ್‌ಟಿ ಇದೆ: ಕಾರಿನ ಮೂಲಬೆಲೆ 13,33,333, ತೆರಿಗೆ 66,667. ಇದರ ಮೇಲೆ ಮತ್ತೆ ಜಿಎಸ್‌ಟಿ ಸಾಲು ಕಂಡರೆ ಅದು ತಪ್ಪು.

ರಸ್ತೆ ತೆರಿಗೆ. ಕೇರಳದಲ್ಲಿ 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪಟ್ಟಿಯಂತೆ 15 ಲಕ್ಷದವರೆಗಿನ ಇ.ವಿ. ಕಾರಿಗೆ ಶೇ 5, 15ರಿಂದ 20 ಲಕ್ಷದವರೆಗೆ ಶೇ 8, 20 ಲಕ್ಷಕ್ಕೆ ಮೇಲ್ಪಟ್ಟರೆ ಶೇ 10. ನಮ್ಮ ಉದಾಹರಣೆಗೆ 70,000 ರೂಪಾಯಿ. ಬಜೆಟ್ ಬಂದಾಗಲೆಲ್ಲ ಈ ಪಟ್ಟಿ ಬದಲಾಗಬಹುದು, ಬುಕ್ಕಿಂಗಿಗೆ ಮೊದಲು ಆವತ್ತಿನ ದರ ನೋಡಿಕೊಳ್ಳಿ. ಇಲ್ಲೊಂದು ಮೆಟ್ಟಿಲು ಇದೆ, ಅದರಲ್ಲಿ ತುಂಬ ಜನ ಎಡವುತ್ತಾರೆ. 14.95 ಲಕ್ಷದ ಕಾರಿಗೆ ತೆರಿಗೆ 74,750. ಸನ್‌ರೂಫಿನ ಆಸೆಗೆ 15.05 ಲಕ್ಷದ್ದನ್ನು ಆರಿಸಿದರೆ 1,20,400. ಹತ್ತು ಸಾವಿರದ ಸನ್‌ರೂಫ್ ಐವತ್ತೈದು ಸಾವಿರಕ್ಕೆ ಬಿತ್ತು.

ಟಿಸಿಎಸ್, ಅಂದರೆ ಮಾರುವವರೇ ವಸೂಲು ಮಾಡಿ ಕಟ್ಟುವ ಆದಾಯ ತೆರಿಗೆ. 10 ಲಕ್ಷ ದಾಟಿದ ಕಾರಿಗೆ ಶೇ 1, ಇಲ್ಲಿ 14,000. ಇದು ಖರ್ಚಲ್ಲ, ನಿಮ್ಮ ಪ್ಯಾನ್ ಖಾತೆಗೆ ಜಮೆಯಾಗುವ ಹಣ. ಅಡಿಕೆ ತೋಟದ ಆದಾಯಕ್ಕೆ ಆದಾಯ ತೆರಿಗೆ ಇಲ್ಲವೆಂದು ರಿಟರ್ನ್ ಸಲ್ಲಿಸದವರು ಈ ಹದಿನಾಲ್ಕು ಸಾವಿರವನ್ನು ಅಲ್ಲಿಯೇ ಬಿಟ್ಟುಬಿಡುತ್ತಾರೆ. ಆ ವರ್ಷ ರಿಟರ್ನ್ ಸಲ್ಲಿಸಿದರೆ ಮರಳಿ ಬರುತ್ತದೆ. ಪ್ಯಾನ್ ಕೊಡದಿದ್ದರೆ ದರ ಶೇ 5ಕ್ಕೆ ಏರುತ್ತದೆ, ಅಂದರೆ 70,000.

ನೋಂದಣಿ. ಬ್ಯಾಟರಿ ವಾಹನಗಳಿಗೆ ನೋಂದಣಿ ಪ್ರಮಾಣಪತ್ರದ ಶುಲ್ಕವನ್ನು ಕೇಂದ್ರ ಸಾರಿಗೆ ಸಚಿವಾಲಯ 2021ರ ಆಗಸ್ಟ್‌ನಲ್ಲೇ ಮನ್ನಾ ಮಾಡಿದೆ. ಸಾಲ ಮಾಡಿ ಕೊಂಡರೆ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಸೇರಿಸುವ ಶುಲ್ಕ 1,500 ರೂಪಾಯಿ ಇದೆ. ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್, ಖಾಸಗಿ ಇ.ವಿ.ಗೆ ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರದ್ದು, 2019ರ ಏಪ್ರಿಲ್‌ನಿಂದ ಕಾರಿನ ಜೊತೆಗೇ ಬರಬೇಕು. ‘ಆರ್‌ಟಿಒ ಖರ್ಚು’ ಎಂದು ಒಟ್ಟಾಗಿ ಒಂದು ದುಂಡು ಮೊತ್ತ ಬರೆದಿದ್ದರೆ ಬಿಡಿಸಿ ಕೇಳಿ. ಕೊನೆಗೆ ಸಾರಿಗೆ ಇಲಾಖೆಯ ಪರಿವಾಹನ್ ತಾಣದ ರಸೀದಿ ಸಿಗುತ್ತದೆ, ಅದರ ಮೊತ್ತಕ್ಕೂ ನೀವು ಕೊಟ್ಟದ್ದಕ್ಕೂ ತಾಳೆಯಾಗಬೇಕು. ಫಾಸ್ಟ್ಯಾಗ್ ಕಡ್ಡಾಯ, ಐದಾರು ನೂರರ ವ್ಯವಹಾರ.

ಇನ್ನು ಡೀಲರನ ಸಾಲುಗಳು. ನಮ್ಮ ಹಾಳೆಯಲ್ಲಿ ‘ಹ್ಯಾಂಡ್ಲಿಂಗ್’ 12,000, ‘ಎಸೆನ್ಶಿಯಲ್ ಕಿಟ್’ 25,000, ‘ಸೆರಾಮಿಕ್ ಕೋಟಿಂಗ್’ 15,000, ವಿಸ್ತೃತ ವಾರಂಟಿ 22,000 ಎಂದಿದೆ. ಒಟ್ಟು 74,000. ಕಾರ್ಖಾನೆಯಿಂದ ಶೋರೂಮಿಗೆ ಸಾಗಿಸುವ ಖರ್ಚು ಎಕ್ಸ್ ಶೋರೂಮ್ ಬೆಲೆಯಲ್ಲೇ ಸೇರಿರುವುದರಿಂದ ಹ್ಯಾಂಡ್ಲಿಂಗ್ ಸಾಲಿಗೆ ಅರ್ಥವಿಲ್ಲ, ತೆಗೆಸಿ. ಕಿಟ್ಟಿನಲ್ಲಿರುವುದು ಮ್ಯಾಟ್, ಮಡ್ ಫ್ಲ್ಯಾಪ್, ಸೀಟ್ ಕವರ್, ಬಾಗಿಲ ಬದಿಯ ಪಟ್ಟಿ. ನಮ್ಮ ಮಳೆಗಾಲಕ್ಕೆ ಮಡ್ ಫ್ಲ್ಯಾಪ್, ರಬ್ಬರ್ ಮ್ಯಾಟ್ ಎರಡೂ ಬೇಕು, ಉಳಿದದ್ದು ಬೇಡ. ವಿಸ್ತೃತ ವಾರಂಟಿಯನ್ನು ಮೂಲ ವಾರಂಟಿ ಮುಗಿಯುವ ಮೊದಲು ಯಾವಾಗ ಬೇಕಾದರೂ ಕೊಳ್ಳಲು ಹಲವು ಕಂಪನಿಗಳು ಬಿಡುತ್ತವೆ. ತಡವಾದಷ್ಟೂ ತುಸು ದುಬಾರಿ, ಅಷ್ಟೇ.

ಮಾತು ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

“ಸಾರ್, ಕಿಟ್ ಎಲ್ಲರಿಗೂ ಕಂಪಲ್ಸರಿ. ಕಂಪನಿಯಿಂದಲೇ ಹಾಗೆ ಬರೋದು.”

“ಕಂಪಲ್ಸರಿ ಅಂತ ಕಂಪನಿ ಕಾಗದದಲ್ಲಿ ಇದ್ದರೆ ತೋರಿಸಿ. ಇಲ್ಲದಿದ್ದರೆ ಆ ಸಾಲು ತೆಗೆದು ಹೊಸ ಕೊಟೇಶನ್ ಕೊಡಿ, ನಾನು ಕೂತಿರ್ತೇನೆ.”

ಇದಕ್ಕೆ ಸಿಟ್ಟು ಬೇಕಿಲ್ಲ, ಗಂಟಲು ಏರಿಸುವುದೂ ಬೇಡ. ಹೊಸ ಹಾಳೆ ಬರುವವರೆಗೆ ಕೂತಿದ್ದರೆ ಸಾಕು.

ವಿಮೆಯ ಸಾಲಿಗೆ ಹೆಚ್ಚು ಹೊತ್ತು ಕೊಡಿ

ಹಾಳೆಯಲ್ಲಿ ಅತಿ ಹೆಚ್ಚು ಎಳೆದಾಡಲು ಬರುವುದು ಇದೇ ಸಾಲು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ನಮ್ಮದೇ ಕಾರಿನ ಹಾನಿಯ ವಿಮೆ ಒಂದು ವರ್ಷದ್ದು ಸಾಕು. ಥರ್ಡ್ ಪಾರ್ಟಿ ದರ ಸರ್ಕಾರ ನಿಗದಿ ಮಾಡಿದ್ದು, ಎಲ್ಲ ಕಂಪನಿಗಳಲ್ಲೂ ಒಂದೇ. 2022ರ ಜೂನ್ 1ರಂದು ಜಾರಿಯಾದ ಪಟ್ಟಿಯಲ್ಲಿ ಮೂರು ವರ್ಷಕ್ಕೆ, ಮೋಟಾರ್ 30 ಕಿಲೋವ್ಯಾಟ್‌ವರೆಗೆ ಇದ್ದರೆ 5,543, 30ರಿಂದ 65ರವರೆಗೆ 9,044, 65 ದಾಟಿದರೆ 20,907 ರೂಪಾಯಿ. ಇದರ ಮೇಲೆ ಶೇ 18 ಜಿಎಸ್‌ಟಿ. ಗಮನಿಸಿ, ಈ ಕಿಲೋವ್ಯಾಟ್ ಮೋಟಾರಿನ ಶಕ್ತಿ, ಬ್ಯಾಟರಿಯ ಕಿಲೋವ್ಯಾಟ್-ಗಂಟೆ ಅಲ್ಲ. 40 ಕಿಲೋವ್ಯಾಟ್-ಗಂಟೆ ಬ್ಯಾಟರಿಯ ಕಾರಿನಲ್ಲಿ 100 ಕಿಲೋವ್ಯಾಟ್ ಮೋಟಾರ್ ಇರಬಹುದು.

ವ್ಯತ್ಯಾಸವಾಗುವುದು ಸ್ವಂತ ಹಾನಿಯ ಭಾಗದಲ್ಲಿ ಮತ್ತು ಅದಕ್ಕೆ ಸೇರಿಸುವ ಆ್ಯಡ್-ಆನ್‌ಗಳಲ್ಲಿ. ನಮ್ಮ ಹಾಳೆಯಲ್ಲಿ ಒಟ್ಟು ವಿಮೆ 78,000 ಇತ್ತೆನ್ನಿ. ಅದೇ ರಕ್ಷಣೆ ಹೊರಗೆ 58,000ಕ್ಕೆ ಸಿಕ್ಕಿತು. ಡೀಲರನಲ್ಲೇ ವಿಮೆ ಮಾಡಿಸಬೇಕೆಂಬ ನಿಯಮವಿಲ್ಲ. ಆದರೆ ಹೋಲಿಸುವಾಗ ಒಂದು ಚಾಲಾಕಿ ನೋಡಿಕೊಳ್ಳಿ: ಐಡಿವಿ. ಕಾರು ಪೂರ್ತಿ ಹೋದರೆ ವಿಮಾ ಕಂಪನಿ ಕೊಡುವ ಗರಿಷ್ಠ ಮೊತ್ತ ಅದು. ಹೊಸ ಕಾರಿಗೆ ಎಕ್ಸ್ ಶೋರೂಮ್ ಬೆಲೆಯ ಶೇ 95 ಇರಬೇಕು, ಇಲ್ಲಿ 13,30,000. ಪ್ರೀಮಿಯಂ ಕಡಿಮೆ ಕಾಣಿಸಲಿ ಎಂದು ಇದನ್ನು ಹನ್ನೊಂದೂವರೆಗೆ ಇಳಿಸಿದ ಪಾಲಿಸಿ ಅಗ್ಗದ್ದಲ್ಲ, ಬರೀ ಚಿಕ್ಕದು.

ಆ್ಯಡ್-ಆನ್‌ಗಳಲ್ಲಿ ಇ.ವಿ.ಗೆ ಬೇಕಾದ್ದು ಸವಕಳಿ ಕಳೆಯದ ‘ಜೀರೋ ಡೆಪ್’, ಬ್ಯಾಟರಿಗೆ ನೀರು ನುಗ್ಗಿ ಅಥವಾ ಶಾರ್ಟ್ ಆಗಿ ಆಗುವ ಹಾನಿಯ ರಕ್ಷಣೆ, ಮೊದಲೆರಡು ವರ್ಷ ‘ರಿಟರ್ನ್ ಟು ಇನ್‌ವಾಯ್ಸ್’, ಅಂದರೆ ಕಾರು ಪೂರ್ತಿ ಹೋದರೆ ಐಡಿವಿಯ ಬದಲು ಬಿಲ್ಲಿನ ಬೆಲೆಯೇ ಸಿಗುವುದು. ಬ್ಯಾಟರಿಯೇ ಕಾರಿನ ಅತಿ ದುಬಾರಿ ಭಾಗ, ಮೂರ್ನಾಲ್ಕು ತಿಂಗಳು ಬಿಡದೆ ಸುರಿಯುವ ಊರಿನಲ್ಲಿ ಎರಡನೆಯದನ್ನು ಬಿಡಬಾರದು. ಹಳೆ ಕಾರಿನ ನೋ ಕ್ಲೈಮ್ ಬೋನಸ್ (ವಿಮೆಯ ಹಣ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ಇದ್ದರೆ ಆ ವಿಮಾ ಕಂಪನಿಯಿಂದ ಪತ್ರ ತಂದು ಇಲ್ಲಿ ಬಳಸಬಹುದು, ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 50ರವರೆಗೆ ಇಳಿಯುತ್ತದೆ. ಇದನ್ನು ಶೋರೂಮಿನವರು ತಾವಾಗಿ ನೆನಪಿಸುವುದು ಅಪರೂಪ.

ಈಗ ಹಾಳೆಯನ್ನು ಮತ್ತೆ ಕೂಡಿ. ಕಾರು 14,00,000, ರಸ್ತೆ ತೆರಿಗೆ 70,000, ಟಿಸಿಎಸ್ 14,000, ವಿಮೆ 58,000, ಬ್ಯಾಂಕಿನ ಹೆಸರು ಸೇರಿಸಲು 1,500, ಫಾಸ್ಟ್ಯಾಗ್ 600. ಒಟ್ಟು 15,44,100. ಮೊದಲ ಹಾಳೆಗಿಂತ 94,000 ಕಡಿಮೆ, ಎಕ್ಸ್ ಶೋರೂಮ್ ಬೆಲೆಯಲ್ಲಿ ಒಂದು ರೂಪಾಯಿ ಇಳಿಸದೆ.

ಮಂಗಳೂರಿನಲ್ಲಿ ಕೊಂಡರೆ ತೆರಿಗೆ ಉಳಿಯುತ್ತದೆಯೇ

ಉಳಿಯುವುದಿಲ್ಲ. ರಸ್ತೆ ತೆರಿಗೆ ಕಟ್ಟುವುದು ಕಾರು ಕೊಂಡ ಊರಿನಲ್ಲಿ ಅಲ್ಲ, ನೋಂದಣಿಯಾಗುವ ರಾಜ್ಯದಲ್ಲಿ. ಮೋಟಾರು ವಾಹನ ಕಾಯ್ದೆಯ 40ನೇ ಕಲಮಿನಂತೆ ನೋಂದಣಿ ನೀವು ವಾಸಿಸುವ ಅಥವಾ ವ್ಯವಹಾರ ಇಟ್ಟುಕೊಂಡಿರುವ ರಾಜ್ಯದಲ್ಲಿ ಆಗಬೇಕು. 2019ರ ತಿದ್ದುಪಡಿಯ ಮೇಲೆ ಆ ರಾಜ್ಯದ ಯಾವ ಆರ್‌ಟಿಒ ಆದರೂ ಆದೀತು, ಅಂದರೆ ಕಾಸರಗೋಡಿನ ಕೆ.ಎಲ್. 14ರ ಬದಲು ಕಾಞಂಗಾಡಿನ ಕೆ.ಎಲ್. 60 ಆಗಬಹುದು. ಕುಂಬಳೆಯಲ್ಲಿ ಮನೆಯಿರುವವರು ಕೆ.ಎ. 19 ಹಾಕಿಸಬೇಕಾದರೆ ಮಂಗಳೂರಿನಲ್ಲಿ ನಿಜವಾದ ವಿಳಾಸ ಬೇಕು.

ನೆಂಟರ ಮನೆಯ ವಿಳಾಸ ಕೊಟ್ಟು ನೋಂದಾಯಿಸುವ ಉಪಾಯ ಗಡಿಯಲ್ಲಿ ಹೊಸತಲ್ಲ. ಕರ್ನಾಟಕ ವರ್ಷಗಟ್ಟಲೆ ಇ.ವಿ.ಗಳಿಗೆ ರಸ್ತೆ ತೆರಿಗೆಯನ್ನೇ ಬಿಟ್ಟಿತ್ತು, 25 ಲಕ್ಷ ಮೀರಿದವಕ್ಕೆ ಶೇ 10 ಹಾಕಿದ್ದು 2024ರಲ್ಲಿ. ಆಸೆ ಹುಟ್ಟುವುದು ಸಹಜ. ಆದರೆ ಬೇರೆ ರಾಜ್ಯದ ಕಾರನ್ನು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮರುನೋಂದಣಿ ಮಾಡಿಸಬೇಕು, ಕೇರಳದ ತೆರಿಗೆ ಕಟ್ಟಬೇಕು. ಪುದುಚೇರಿಯ ಸುಳ್ಳು ವಿಳಾಸದಲ್ಲಿ ಐಷಾರಾಮಿ ಕಾರು ನೋಂದಾಯಿಸಿದವರ ಮೇಲೆ ಕೇರಳದಲ್ಲಿ 2017ರಲ್ಲಿ ಎದ್ದ ಪ್ರಕರಣಗಳು ಎಲ್ಲರಿಗೂ ನೆನಪಿರಬೇಕು.

ಹಾಗಾದರೆ ಮಂಗಳೂರಿಗೆ ಹೋಗುವುದೇ ವ್ಯರ್ಥವೇ? ಅಲ್ಲ. ಕಾಸರಗೋಡಿನಿಂದ 50 ಕಿಲೋಮೀಟರ್, ಮಂಜೇಶ್ವರದಿಂದ ಅದರ ಅರ್ಧವೂ ಇಲ್ಲ. ಅಲ್ಲಿ ಶೋರೂಮುಗಳು ಹೆಚ್ಚು, ಪೈಪೋಟಿ ಹೆಚ್ಚು. ಜಿಎಸ್‌ಟಿ ಎರಡೂ ಕಡೆ ಶೇ 5. ಕೊಂಡ ಕಾರಿಗೆ ಅಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಿ ಕೇರಳಕ್ಕೆ ತಂದು ಇಲ್ಲಿ ಶಾಶ್ವತ ನೋಂದಣಿ ಮಾಡಿಸಬೇಕು. ಅದಕ್ಕೆ ಫಾರ್ಮ್ 20ರ ಅರ್ಜಿ, ಡೀಲರ್ ಕೊಡುವ ಮಾರಾಟ ಪತ್ರವಾದ ಫಾರ್ಮ್ 21, ಕಂಪನಿಯ ಫಾರ್ಮ್ 22, ಇನ್‌ವಾಯ್ಸ್, ವಿಮೆ, ವಿಳಾಸದ ದಾಖಲೆ ಬೇಕು. ಆರ್‌ಟಿಒ ಅಂಗಳಕ್ಕೆ ಕಾರು ಒಯ್ದು ತೋರಿಸಬೇಕಾಗಿಯೂ ಬರಬಹುದು. ಎರಡು ಮೂರು ದಿನದ ಓಡಾಟವಿದು. ಇಲ್ಲಿನ ಡೀಲರ್ ಕೊಟ್ಟದ್ದಕ್ಕಿಂತ ಇಪ್ಪತ್ತೈದು ಸಾವಿರವಾದರೂ ಕಡಿಮೆಯಾಗದಿದ್ದರೆ ಆ ಓಡಾಟ ಲಾಭವಲ್ಲ ಎಂಬುದು ನಮ್ಮ ಲೆಕ್ಕ. ಕೆಲವು ಡೀಲರುಗಳು ಹೊರರಾಜ್ಯದವರಿಗೆ ಬಿಲ್ ಮಾಡಲು ಒಪ್ಪುವುದೂ ಇಲ್ಲ, ಮೊದಲ ಫೋನಿನಲ್ಲೇ ಕೇಳಿಬಿಡಿ.

ಕಾಸರಗೋಡು, ಮಂಗಳೂರು, ಕಣ್ಣೂರು ಮೂರು ಕಡೆಯಿಂದಲೂ ಒಂದೇ ವೇರಿಯೆಂಟಿಗೆ, ಒಂದೇ ಬಣ್ಣಕ್ಕೆ, ಕೇರಳ ನೋಂದಣಿ ಎಂದು ಹೇಳಿ, ಸಾಲು ಬಿಡಿಸಿದ ಕೊಟೇಶನ್ ವಾಟ್ಸ್ಆ್ಯಪಿನಲ್ಲಿ ತರಿಸಿಕೊಳ್ಳಿ. ಬಾಯಿಮಾತಿನ ‘ಕಡಿಮೆ ಮಾಡಿಕೊಡುವ ಸಾರ್’ ಲೆಕ್ಕಕ್ಕಿಲ್ಲ.

ರಿಯಾಯಿತಿ ಯಾವಾಗ ಬರುತ್ತದೆ

ಬಿಡುಗಡೆಯ ಮೊದಲ ತಿಂಗಳುಗಳಲ್ಲಿ ಬೇಡಿಕೆಗೆ ತಕ್ಕಷ್ಟು ಕಾರು ಬರುವುದಿಲ್ಲ. ಹಿಂದೆ ಇನ್ನೊಬ್ಬ ಕಾಯುತ್ತಿರುವಾಗ ನಿಮಗೆ ಇಳಿಸಿ ಕೊಡುವ ಅಗತ್ಯ ಡೀಲರನಿಗಿಲ್ಲ. ಕಾಯುವವರ ಸಾಲು ಕರಗಿ ಗೋದಾಮಿನಲ್ಲಿ ಕಾರು ನಿಲ್ಲತೊಡಗಿದ ದಿನ ಮಾತು ಬದಲಾಗುತ್ತದೆ. ಡೀಲರ್ ಕಾರನ್ನು ಕಂಪನಿಯಿಂದ ಸಾಲದಲ್ಲಿ ತಂದಿರುತ್ತಾನೆ. 15 ಲಕ್ಷದ ಕಾರಿಗೆ ವರ್ಷಕ್ಕೆ ಶೇ 10 ಬಡ್ಡಿ ಎಂದಿಟ್ಟುಕೊಂಡರೂ ತಿಂಗಳಿಗೆ 12,500, ದಿನಕ್ಕೆ ನಾನೂರು ಚಿಲ್ಲರೆ. ಅಡಿಕೆಯಾದರೆ ದಾಸ್ತಾನಿನಲ್ಲಿ ಹಳತಾದಷ್ಟೂ ದರ ಹೆಚ್ಚು: ಹೊಸ ಚೋಲಿಗಿಂತ ಹಳೆ ಚೋಲಿಗೆ, ಅದಕ್ಕಿಂತ ಡಬಲ್ ಚೋಲಿಗೆ. ಕಾರಿನದ್ದು ತಿರುಗಾಮುರುಗಾ.

ಹಾಗೆಂದು ಕಾದರೆ ಯಾವಾಗಲೂ ಲಾಭ ಎನ್ನುವಂತಿಲ್ಲ. ಪ್ರಾರಂಭಿಕ ಬೆಲೆ ಎಂದು ಘೋಷಿಸಿದ್ದು ಮುಂದೆ ಏರುವುದುಂಟು. ಎಂಜಿ ವಿಂಡ್ಸರ್ 2024ರ ಸೆಪ್ಟೆಂಬರ್‌ನಲ್ಲಿ 13.50 ಲಕ್ಷಕ್ಕೆ ಬಂದು, 2025ರ ಜನವರಿಯಲ್ಲಿ ಐವತ್ತು ಸಾವಿರ ಏರಿತು. ಜಾಹೀರಾತಿನಲ್ಲಿ ‘ಇಂಟ್ರಡಕ್ಟರಿ’ ಎಂಬ ಪದವಿದ್ದರೆ ಮೊದಲೇ ಕೊಳ್ಳುವುದು ಸರಿ. ಇಲ್ಲದಿದ್ದರೆ ಆರು ತಿಂಗಳು ಕಾಯುವವರಿಗೆ ಅನುಕೂಲ.

ಗಡಿಯವರಿಗೆ ಹಬ್ಬದ ಸೀಸನ್ ಎರಡು. ಕೇರಳದ ಶೋರೂಮುಗಳಲ್ಲಿ ಓಣಂ ಆಫರ್, ಮಂಗಳೂರಿನಲ್ಲಿ ದಸರಾ, ದೀಪಾವಳಿಯದ್ದು. ಅದಕ್ಕಿಂತಲೂ ಜಾಣ ಸಮಯ ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುನಾಡಿನಲ್ಲಿ ಆಟಿ, ಮಲಯಾಳದಲ್ಲಿ ಕರ್ಕಾಟಕ. ಶುಭಕಾರ್ಯಕ್ಕೆ ಒಳ್ಳೆಯ ತಿಂಗಳಲ್ಲವೆಂದು ಯಾರೂ ಹೊಸ ವಾಹನ ಮನೆಗೆ ತರುವುದಿಲ್ಲ, ಶೋರೂಮಿನಲ್ಲಿ ನೊಣ ಹಾರುತ್ತದೆ, ಆದರೆ ಕಂಪನಿ ಕೊಟ್ಟ ಟಾರ್ಗೆಟ್ ಮಾತ್ರ ಹಾಗೇ ಇರುತ್ತದೆ. ಆಟಿಯಲ್ಲಿ ಬೆಲೆ ಮಾತಾಡಿ ಬರೆಸಿಕೊಂಡು ಮುಂದಿನ ತಿಂಗಳು ಸೋಣದಲ್ಲಿ ಕಾರು ಇಳಿಸಿಕೊಳ್ಳಬಹುದು. ತಿಂಗಳ ಕೊನೆಯ ಮೂರು ನಾಲ್ಕು ದಿನ, ಡಿಸೆಂಬರ್, ಮಾರ್ಚ್ ಕೂಡ ಹಾಗೆಯೇ. ಡಿಸೆಂಬರಿನದ್ದಾದರೆ ಮರುಮಾರಾಟದ ಹೊತ್ತಿಗೆ ಒಂದು ವರ್ಷ ಹಳೆಯದೆಂದು ಲೆಕ್ಕವಾಗುತ್ತದೆ, ಆ ನಷ್ಟವನ್ನೂ ರಿಯಾಯಿತಿಯಲ್ಲಿ ಕೇಳಿ.

ಶೋರೂಮಿನಲ್ಲಿ ಬಾಯಿಬಿಡಬಾರದ ಸಂಗತಿ ಮುಹೂರ್ತದ ದಿನ. ‘ಶುಕ್ರವಾರ ಮಧೂರಿನಲ್ಲಿ ವಾಹನಪೂಜೆಗೆ ಹೇಳಿ ಆಗಿದೆ’ ಎಂದು ತಿಳಿದ ಮೇಲೆ ಕಿಟ್ಟಿನ ಸಾಲು ಹಾಳೆಯಿಂದ ಹೋಗುವುದಿಲ್ಲ.

‘ಕಂಪನಿ ರಿಯಾಯಿತಿ ಕೊಡಲು ಬಿಡುವುದಿಲ್ಲ’ ಎಂಬ ಉತ್ತರವೂ ಸಿಗುತ್ತದೆ. ಡೀಲರ್ ತನ್ನ ಲಾಭದಿಂದ ಬಿಟ್ಟುಕೊಡುವುದನ್ನು ಕಂಪನಿ ತಡೆಯುವುದು ಸ್ಪರ್ಧಾ ಕಾನೂನಿನ ಪ್ರಶ್ನೆಯಾಗುತ್ತದೆ. 2021ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದೇ ಕಾರಣಕ್ಕೆ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿತ್ತು, ಕಂಪನಿ ಮೇಲ್ಮನವಿಗೆ ಹೋಯಿತು.

ಎಕ್ಸ್‌ಚೇಂಜ್ ಬೋನಸ್, ಸರ್ಕಾರಿ ನೌಕರರು ಮತ್ತು ಶಿಕ್ಷಕರಿಗೆ ಇರುವ ಕಾರ್ಪೊರೇಟ್ ರಿಯಾಯಿತಿ ಇವೆಲ್ಲ ಕಂಪನಿ ಭರಿಸುವಂಥವು, ಹೊಸ ಮಾಡೆಲಿಗೂ ಇರಬಹುದು. ಎಕ್ಸ್‌ಚೇಂಜಿನಲ್ಲಿ ಬೋನಸ್ಸನ್ನೂ ಹಳೆ ಕಾರಿನ ಬೆಲೆಯನ್ನೂ ಬೇರೆ ಬೇರೆಯಾಗಿ ಬರೆಸಿ. ಐವತ್ತು ಸಾವಿರ ಬೋನಸ್ ತೋರಿಸಿ ಹಳೆ ಕಾರಿನಲ್ಲಿ ಎಪ್ಪತ್ತು ಸಾವಿರ ಕಡಿಯುವುದು ಮಾಮೂಲು. ರಿಯಾಯಿತಿ ಏನೇ ಇರಲಿ, ಅದು ಇನ್‌ವಾಯ್ಸ್‌ನಲ್ಲೇ ಕಾಣಬೇಕು. ಆಗ ಜಿಎಸ್‌ಟಿಯೂ ಟಿಸಿಎಸ್ಸೂ ಇಳಿಯುತ್ತವೆ.

ಬುಕ್ಕಿಂಗ್ ಫಾರ್ಮಿನ ಸಣ್ಣ ಅಕ್ಷರ

‘ಡೆಲಿವರಿಯ ದಿನದ ಬೆಲೆ ಅನ್ವಯ’ ಎಂಬ ವಾಕ್ಯ ಬಹುತೇಕ ಎಲ್ಲ ಫಾರ್ಮುಗಳಲ್ಲಿ ಇರುತ್ತದೆ. ನಾಲ್ಕು ತಿಂಗಳು ಕಾಯುವ ಹೊಸ ಮಾಡೆಲಿಗೆ ಇದೇ ಅತಿ ದುಬಾರಿ ವಾಕ್ಯ. ಬುಕ್ಕಿಂಗ್ ದಿನದ ಬೆಲೆಗೇ ಕೊಡುತ್ತೇವೆ ಎಂದು ಕಂಪನಿ ಪ್ರಕಟಿಸಿದ್ದರೆ ಅದನ್ನು ಫಾರ್ಮಿನಲ್ಲಿ ಕೈಬರಹದಲ್ಲಿ ಬರೆಸಿ, ಸೀಲು ಹಾಕಿಸಿ. ರದ್ದು ಮಾಡಿದರೆ ಎಷ್ಟು ಕಡಿತ, ಎಷ್ಟು ದಿನದಲ್ಲಿ ವಾಪಸು ಎಂಬುದನ್ನೂ ಬರೆಸಿ. ಹಣ ಹೋಗಬೇಕಾದ್ದು ಡೀಲರ್ ಸಂಸ್ಥೆಯ ಬ್ಯಾಂಕ್ ಖಾತೆಗೆ, ಸೇಲ್ಸ್ ಹುಡುಗನ ಯುಪಿಐಗೆ ಅಲ್ಲ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಕಾನೂನುಬಾಹಿರ.

ಬೇಗ ಸಿಗುತ್ತದೆಂದು ಡೆಮೊ ಕಾರು ತೋರಿಸಿದರೆ ಬ್ಯಾಟರಿ ವಾರಂಟಿಯ ಷರತ್ತು ಓದಿ. ಕೆಲವು ಕಂಪನಿಗಳು ಈಗ ಕೊಡುವ ‘ಲೈಫ್‌ಟೈಮ್’ ವಾರಂಟಿ ಮೊದಲ ಮಾಲೀಕನಿಗೆ ಮಾತ್ರ. ಡೆಮೊ ಕಾರು ಡೀಲರನ ಹೆಸರಿನಲ್ಲಿ ನೋಂದಣಿಯಾಗಿದ್ದರೆ ನೀವು ಎರಡನೆಯವರು.

ಚಾರ್ಜರ್, ಬ್ಯಾಟರಿ ಬಾಡಿಗೆ, ಸಾಲ

ಕಾರಿನ ಬೆಲೆಯಲ್ಲಿ ಚಾರ್ಜರ್ ಸೇರಿದೆ ಎಂದುಕೊಳ್ಳಬೇಡಿ. 2024ರ ನವೆಂಬರ್‌ನಲ್ಲಿ ಮಹೀಂದ್ರ ಬಿಇ 6 ಬೆಲೆ 18.90 ಲಕ್ಷದಿಂದ ಎಂದು ಘೋಷಣೆಯಾದಾಗ ಗೋಡೆ ಚಾರ್ಜರ್ ಅದರ ಹೊರಗಿತ್ತು: 7.2 ಕಿಲೋವ್ಯಾಟಿನದ್ದು 50,000, 11.2 ಕಿಲೋವ್ಯಾಟಿನದ್ದು 75,000.

ದಿನಕ್ಕೆ ಐವತ್ತು ಅರುವತ್ತು ಕಿಲೋಮೀಟರ್ ಓಡಿಸುವವರಿಗೆ 16 ಆಂಪಿಯರ್ ಸಾಕೆಟ್ಟಿನ 3.3 ಕಿಲೋವ್ಯಾಟ್ ಚಾರ್ಜರ್ ಸಾಕು. 45 ಕಿಲೋವ್ಯಾಟ್-ಗಂಟೆಯ ಬ್ಯಾಟರಿ ಪೂರ್ತಿ ಖಾಲಿಯಾದರೆ ಅದಕ್ಕೆ ಹದಿನಾಲ್ಕು ಗಂಟೆ ಬೇಕು ನಿಜ, ಆದರೆ ರಾತ್ರಿ ಪೂರ್ತಿ ಖಾಲಿ ಕಾರು ಮನೆಗೆ ಬರುವುದು ಎಷ್ಟು ದಿನ? ಇದಕ್ಕೆ ಮೀಟರ್ ಬೋರ್ಡಿನಿಂದ ಪ್ರತ್ಯೇಕವಾಗಿ ಎಳೆದ 4 ಚದರ ಮಿಲಿಮೀಟರ್ ತಾಮ್ರದ ವೈರ್, 20 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿಮೀರಿದರೆ ಕಡಿಯುವ ಸ್ವಿಚ್), 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವುದು) ಇರಲಿ. 7.2 ಕಿಲೋವ್ಯಾಟಿನದ್ದು 32 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಕನಿಷ್ಠ 6 ಚದರ ಮಿಲಿಮೀಟರ್ ವೈರ್, ಶೆಡ್ಡು ದೂರವಿದ್ದರೆ 10, ಮತ್ತು 40 ಆಂಪಿಯರ್ ಎಂಸಿಬಿ. ಹಳೆ ಮನೆಯ ಸಿಂಗಲ್ ಫೇಸಿಗೆ ಪಂಪ್‌ಸೆಟ್ಟಿನ ಜೊತೆ ಇದು ಭಾರ. ಕೇರಳ ವಿದ್ಯುತ್ ಮಂಡಳಿ ಕೆಎಸ್ಇಬಿಯ ಸೆಕ್ಷನ್ ಕಚೇರಿಯಲ್ಲಿ ಲೋಡ್ ಹೆಚ್ಚಿಸಿಕೊಳ್ಳುವ, ತ್ರೀ ಫೇಸ್ ಮಾಡಿಸುವ ಖರ್ಚನ್ನು ಮೊದಲೇ ಹಿಡಿಯಿರಿ.

ನಮ್ಮ ಮುರಕಲ್ಲಿನ ನೆಲದಲ್ಲಿ ಇನ್ನೊಂದು ಕಿರಿಕಿರಿ ಅರ್ಥಿಂಗ್. ಮಳೆಗಾಲದಲ್ಲಿ ಸರಿಯಿದ್ದದ್ದು ಏಪ್ರಿಲಿನಲ್ಲಿ ನೆಲ ಒಣಗಿದಾಗ ಕೆಲಸ ಮಾಡುವುದಿಲ್ಲ, ಚಾರ್ಜರಿನಲ್ಲಿ ಕೆಂಪು ದೀಪ ಮಿನುಗಿ ನಿಲ್ಲುತ್ತದೆ. ಕಾರು ಹಾಳಾಯಿತೆಂದು ಸರ್ವಿಸ್ ಸೆಂಟರಿಗೆ ಒಯ್ಯುವ ಮೊದಲು ಎಲೆಕ್ಟ್ರಿಶಿಯನ್ ಹತ್ತಿರ ಅರ್ಥ್ ಪಿಟ್ ನೋಡಿಸಿ. ‘ಉಚಿತ ಅಳವಡಿಕೆ’ ಎಂದಿದ್ದರೆ ಎಷ್ಟು ಮೀಟರ್ ವೈರಿನವರೆಗೆ, ಹೊಸ ಅರ್ಥಿಂಗ್ ಸೇರಿದೆಯೋ ಎಂದು ಕೇಳಿ.

ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಯೋಜನೆಯಲ್ಲಿ ಕಾರಿನ ಬೆಲೆ ತುಂಬ ಕಡಿಮೆ ಕಾಣುತ್ತದೆ. ವಿಂಡ್ಸರ್ ಹಾಗೆ 9.99 ಲಕ್ಷಕ್ಕೆ ಬಂತು, ಬ್ಯಾಟರಿಗೆ ಕಿಲೋಮೀಟರಿಗೆ 3.50 ರೂಪಾಯಿ. ತಿಂಗಳಿಗೆ 1,500 ಕಿಲೋಮೀಟರ್ ಓಡಿದರೆ 5,250, ವರ್ಷಕ್ಕೆ 63,000. ಐದೂವರೆ ವರ್ಷಕ್ಕೆ ಆ ಮೂರೂವರೆ ಲಕ್ಷದ ವ್ಯತ್ಯಾಸ ತೀರುತ್ತದೆ, ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಮೇಲಾಗಿ 2025ರ ಪಟ್ಟಿಯಲ್ಲಿ ಕೇರಳ ಬ್ಯಾಟರಿ ಬಾಡಿಗೆಯ ಇ.ವಿ.ಗಳಿಗೆ ಶೇ 10 ರಸ್ತೆ ತೆರಿಗೆ ಇಟ್ಟಿದೆ, 9.99 ಲಕ್ಷದ ಕಾರಿಗೂ.

ಸಾಲದಲ್ಲಿ ‘ಫ್ಲ್ಯಾಟ್’ ಬಡ್ಡಿ ಎಂಬ ಪದಕ್ಕೆ ಕಿವಿಗೊಡಿ. 10 ಲಕ್ಷ, ಐದು ವರ್ಷ, ಫ್ಲ್ಯಾಟ್ ಶೇ 6 ಎಂದರೆ ಬಡ್ಡಿ 3,00,000, ಕಂತು 21,667. ಇಳಿಯುವ ಅಸಲಿನ ಮೇಲೆ ಶೇ 9 ಎಂದರೆ ಕಂತು 20,758, ಬಡ್ಡಿ ಸುಮಾರು 2,45,500. ಶೇ 9 ಅಗ್ಗ, ಶೇ 6 ದುಬಾರಿ! 2024ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಎಲ್ಲ ಖರ್ಚು ಸೇರಿದ ವಾರ್ಷಿಕ ದರವನ್ನು ಮುಖ್ಯಾಂಶಗಳ ಪತ್ರದಲ್ಲಿ ಬರೆದು ಕೊಡಲೇಬೇಕು, ಆ ಒಂದು ಅಂಕಿಯನ್ನು ನಿಮ್ಮ ಸಹಕಾರಿ ಬ್ಯಾಂಕಿನದ್ದರ ಜೊತೆ ಹೋಲಿಸಿ.

ಬಿಲ್ ಆಗುವ ಮೊದಲು ಕಾರು ನೋಡಿ

ಇನ್‌ವಾಯ್ಸ್ ಆದೊಡನೆ ಚಾಸಿ ನಂಬರ್ ನಿಮ್ಮದಾಗುತ್ತದೆ, ಬದಲಿಸಲು ಡೀಲರ್ ಒಪ್ಪುವುದಿಲ್ಲ. ಆದ್ದರಿಂದ ಬಾಕಿ ಹಣ ಕಟ್ಟುವ ಮೊದಲು ಸ್ಟಾಕ್ ಯಾರ್ಡಿಗೆ ಹಗಲು ಹೊತ್ತಿನಲ್ಲಿ ಹೋಗಿ.

ತಯಾರಾದ ತಿಂಗಳು, ವರ್ಷ ಕೇಳಿ. ಇದು ಮುಂದೆ ಫಾರ್ಮ್ 21ರಲ್ಲೂ ಬರುತ್ತದೆ, ಹೇಳಿದ್ದಕ್ಕೆ ತಾಳೆಯಾಗಬೇಕು. ಟೈರಿನ ಬದಿಯ ನಾಲ್ಕು ಅಂಕಿ ನೋಡಿ: 2325 ಎಂದರೆ 2025ರ 23ನೇ ವಾರ. ಟೈರ್ ಕಾರಿಗಿಂತ ಕೆಲವು ವಾರ ಹಳತಾಗಿರುವುದು ಸರಿ, ನಾಲ್ಕರಲ್ಲಿ ಒಂದು ಮಾತ್ರ ಬೇರೆ ತಾರೀಕಿನದ್ದಾದರೆ ಕಾರಣ ಕೇಳಿ. ನಿಂತೇ ಇದ್ದ ಇ.ವಿ.ಗಳಲ್ಲಿ ಮೊದಲು ಸಾಯುವುದು ದೊಡ್ಡ ಬ್ಯಾಟರಿಯಲ್ಲ, 12 ವೋಲ್ಟಿನ ಚಿಕ್ಕದು. ಕಾರು ಒಮ್ಮೆಗೇ ಏಳದೆ ಜಂಪ್ ಕೊಟ್ಟು ಎಬ್ಬಿಸಿದರೆ ಆ ಬ್ಯಾಟರಿ ಬದಲಿಸಿಕೊಡಲು ಬರೆಸಿ. ದೊಡ್ಡ ಬ್ಯಾಟರಿ ಸೊನ್ನೆಯ ಹತ್ತಿರ ವಾರಗಟ್ಟಲೆ ಬಿದ್ದಿದ್ದರೆ ಆ ಕಾರು ಬೇಡ ಎನ್ನಿ. ಚಾರ್ಜಿಂಗ್ ಗನ್ ಹಾಕಿ ಹತ್ತು ನಿಮಿಷ ಚಾರ್ಜ್ ಆಗುವುದನ್ನು ಕಣ್ಣಾರೆ ನೋಡಿ. ಕೇಬಲ್ ಡಿಕ್ಕಿಯಲ್ಲಿ ಇದೆಯೇ? ಮಳೆಗಾಲವಾದರೆ ಕಾರ್ಪೆಟ್ ಎತ್ತಿ ತೇವ, ಮುಗ್ಗುಲು ವಾಸನೆ ನೋಡಿ. ಯಾರ್ಡಿನಲ್ಲಿ ನೀರು ನಿಂತಿತ್ತೇ ಎಂಬುದು ಅಲ್ಲಿ ತಿಳಿಯುತ್ತದೆ.

ತಕರಾರು ಬಂದರೆ

ಮೊದಲು ಡೀಲರನಿಗೆ ಇಮೇಲ್, ಪ್ರತಿ ಕಂಪನಿಗೆ. ಜೊತೆಗೆ ಮೊದಲ ಕೊಟೇಶನ್, ಬುಕ್ಕಿಂಗ್ ಫಾರ್ಮ್, ರಸೀದಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಂಗಳೂರಿನಲ್ಲಿ ಕೊಂಡ ಕಾರಿನ ದೂರನ್ನೂ ಕಾಸರಗೋಡಿನ ಆಯೋಗ ತೆಗೆದುಕೊಳ್ಳುತ್ತದೆ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು, 10ರಿಂದ 20 ಲಕ್ಷದ ಕಾರಿಗೆ ಶುಲ್ಕ 400 ರೂಪಾಯಿ, ವಕೀಲರು ಕಡ್ಡಾಯವಿಲ್ಲ.